ಕಲಹರಿಯ ದಾರಿಗೊಂದು ನಿಂಬೆಹಣ್ಣು

ಬೇರೆಯವರು ಪ್ರವಾಸ ಮುಗಿಸಿ ಬಂದ ಮೇಲೆ ನಗುವಂಥ ಕತೆ ಹೇಳುತ್ತಾರೆ. ನಮ್ಮ ಮನೆಯಲ್ಲಿ ಸೂಟ್‌ಕೇಸು ಬೀರುವಿನ ಮೇಲಿಂದ ಇಳಿಯುವ ಮೊದಲೇ ನಗೆಪಾಟಲು ಶುರುವಾಗಿರುತ್ತದೆ.

ನಾವಿರುವುದು ಕ್ವಾಲಾಲಂಪುರದ ಬಾಂಗ್ಸಾರಿನಲ್ಲಿ. ಬಾಲ್ಕನಿಯಲ್ಲಿ ನಿಂತರೆ ಎದುರಿಗೆ ನಮ್ಮದರಂಥದೇ ಇನ್ನೊಂದು ಕಾಂಡೋ ಅಪಾರ್ಟ್‌ಮೆಂಟು, ಅದರ ಸಂದಿಯಲ್ಲಿ ದೊಡ್ಡದೊಂದು ಮರ, ಮರದ ಹಿಂದೆ ಎಲ್‌ಆರ್‌ಟಿ ರೈಲು. ಮಳೆ, ಹಸಿರು, ಗೋಡೆ. ಬೆಂಗಳೂರು ಬಿಟ್ಟು ಬಂದು ಇಷ್ಟು ವರ್ಷವಾದರೂ ಇಲ್ಲಿ ಭೂಮಿಯೂ ಆಕಾಶವೂ ಸೇರುವ ಗೆರೆಯನ್ನು ನಾನು ಕಂಡಿಲ್ಲ. ಅದಕ್ಕೇ ಇರಬೇಕು, ಕಾಫಿ ಲೋಟ ಹಿಡಿದು ಬಾಲ್ಕನಿಗೆ ಬಂದರೆ ಸಾಕು, ಕಣ್ಣೆದುರು ಒಂದು ಬಯಲು ಬಿಚ್ಚಿಕೊಳ್ಳುತ್ತದೆ.

ಜೋಹಾನ್ಸ್‌ಬರ್ಗಿನಲ್ಲಿ ಇಳಿದಿದ್ದೇವೆ. ಟಾಪಿನ ಮೇಲೆ ಗುಡಾರ ಕಟ್ಟಿದ ಬಾಡಿಗೆ ಗಾಡಿ. ಒಂದು ಗಡಿ ದಾಟಿದರೆ ಬೋಟ್ಸ್ವಾನಾ, ಕಲಹರಿಯ ಅಂಚು, ಬೆಳ್ಳಗೆ ಹಬ್ಬಿದ ಉಪ್ಪಿನ ಬಯಲು. ಇನ್ನೊಂದು ಗಡಿ ದಾಟಿದರೆ ಜಿಂಬಾಬ್ವೆ, ವಿಕ್ಟೋರಿಯಾ ಜಲಪಾತ. ದಾರಿ ನೂಲು ಹಿಡಿದಂತೆ ನೇರ. ಸ್ಟೇರಿಂಗ್ ನನ್ನ ಕೈಯಲ್ಲಿ, ಒಂದು ಮೊಣಕೈ ಕಿಟಕಿಯ ಮೇಲೆ. ಪಕ್ಕದಲ್ಲಿ ಹೆಂಡತಿ, ಹಿಂದೆ ಮಗಳು, ಇಬ್ಬರೂ ಒಂದು ಮಾತೂ ಆಡುತ್ತಿಲ್ಲ. ಅದು ಕನಸು ಎಂದು ಗೊತ್ತಾಗುವುದು ಅದರಿಂದಲೇ.

ಇದನ್ನೆಲ್ಲ ಹೆಂಡತಿಗೆ ವರ್ಣಿಸಿದೆ. ಒಣ ಹುಲ್ಲು, ಕುರುಚಲು ಮುಳ್ಳುಗಿಡ, ಮರವಿಲ್ಲದ ಬಯಲು, ಧೂಳು ಎಂದೆ. ಅವಳು ಹುಟ್ಟಿ ಬೆಳೆದದ್ದು ಚಳ್ಳಕೆರೆಯಲ್ಲಿ. ಎಲ್ಲ ಕೇಳಿಸಿಕೊಂಡು, "ಚಳ್ಳಕೆರೆ ನೋಡೋಕೆ ಅಷ್ಟು ದೂರ ಯಾಕ್ರೀ ಹೋಗ್ಬೇಕು?" ಎಂದಳು.

ಎಡಗಾಲಿಗೆ ಕೆಲಸ

ಹಾಗೆಂದವಳೇ ಮಾರನೆಯ ದಿನ ಮೊದಲು ಟಿಕೆಟ್ ಹುಡುಕಿದಳು. ಗಾಡಿ ಬಾಡಿಗೆಗೆ ಕೊಡುವವರ ಜೊತೆ ಫೋನಿನಲ್ಲಿ ನಾನೇ ಮಾತಾಡಿದೆ. ಆ ಕಡೆಯ ಹೆಂಗಸು ಬಹಳ ನಯವಾಗಿ, ಗುಡಾರವಿರುವ ಗಾಡಿಗಳೆಲ್ಲ ಗೇರಿನವೇ, ಆಟೋಮ್ಯಾಟಿಕ್ ಒಂದೂ ಉಳಿದಿಲ್ಲ ಎಂದರು. "ಪರವಾಗಿಲ್ಲ, ಪರವಾಗಿಲ್ಲ" ಎಂದು ನಾನೂ ಅಷ್ಟೇ ನಯವಾಗಿ ಒಪ್ಪಿಕೊಂಡು ಫೋನ್ ಇಟ್ಟೆ.

ನಾನು ಬೆಂಗಳೂರಿನಲ್ಲಿ ಸ್ಕೂಟರ್ ಓಡಿಸಿದವನು. ಕಾರು ಕಲಿತದ್ದು ಇಲ್ಲಿಗೆ ಬಂದ ಮೇಲೆ, ಅದೂ ಆಟೋಮ್ಯಾಟಿಕ್. ನನ್ನ ಎಡಗಾಲಿಗೆ ಕಾರಿನಲ್ಲಿ ಇವತ್ತಿನವರೆಗೆ ಪ್ರಯಾಣಿಕನ ಕೆಲಸ ಮಾತ್ರ. ನನ್ನ ಹೆಂಡತಿಯ ಕತೆ ಬೇರೆ. ಅವಳ ಅಪ್ಪ ದನದ ಡಾಕ್ಟರು. ಹಳ್ಳಿಹಳ್ಳಿ ಸುತ್ತುತ್ತಿದ್ದ ಅವರ ಹಳೇ ಜೀಪಿನಲ್ಲಿ, ಮಗಳ ಕಾಲು ಪೆಡಲಿಗೆ ಎಟುಕಿದ ದಿನವೇ ಪಾಠ ಶುರುವಾಗಿತ್ತಂತೆ.

"ಹಾಗಾದ್ರೆ ನಾನೇ ಓಡಿಸ್ತೀನಿ" ಎಂದಳು.

ಆ ಬಯಲು, ಆ ನೇರ ದಾರಿ, ಕಿಟಕಿಯ ಮೇಲಿನ ಆ ಮೊಣಕೈ, ಎಲ್ಲವೂ ನನ್ನವು. ಅದಕ್ಕಾಗಿ ಎಷ್ಟು ಲೋಟ ಕಾಫಿ ಆರಲು ಬಿಟ್ಟಿದ್ದೇನೆ! "ನಾನು ಕಲೀತೀನಿ ಕಣೇ" ಎಂದೆ.

"ಕಲೀರಿ. ಹೊರಡೋ ಮುಂಚೆ ನಾನು ಪರೀಕ್ಷೆ ಮಾಡ್ತೀನಿ. ಪಾಸಾದ್ರೆ ಸ್ಟೇರಿಂಗ್ ನಿಮ್ದು. ಫೇಲಾದ್ರೆ ಮ್ಯಾಪ್ ನಿಮ್ದು."

ಮಗಳು ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಫೋನಿನಿಂದ ತಲೆ ಎತ್ತದೆ, "ಪೂರ್ ಮ್ಯಾಪ್" ಎಂದಳು.

ಆನೆ ದಾಟುವಾಗ

ಗೇರಿನ ಕಾರು ಕಲಿಸಲು ಬ್ರಿಕ್‌ಫೀಲ್ಡ್ಸಿನಲ್ಲಿ ಒಬ್ಬ ತಮಿಳು ಮೇಷ್ಟ್ರು ಸಿಕ್ಕಿದರು. ಪುಟ್ಟ ಹಳೇ ಕಾರು, ಕನ್ನಡಿಗೆ ಜೋತುಬಿದ್ದ ಮಲ್ಲಿಗೆ ಹಾರ, ಮೇಷ್ಟ್ರ ಕಾಲ ಬಳಿ ಅವರದೇ ಒಂದು ಹೆಚ್ಚುವರಿ ಬ್ರೇಕು. ಮಹಾ ಸಮಾಧಾನಿ. ಮೊದಲ ವಾರ ಕಾರು ಕಪ್ಪೆಯ ಹಾಗೆ ಕುಪ್ಪಳಿಸಿದಾಗಲೂ, "ಮೆಲ್ಲಗೆ ಲಾ, ಮೆಲ್ಲಗೆ" ಎಂದು ಇಲ್ಲಿನವರ ಹಾಗೆ ಮಾತಿಗೊಂದು 'ಲಾ' ಸೇರಿಸಿ ಹೇಳುತ್ತಿದ್ದರೇ ಹೊರತು ಬೈದವರಲ್ಲ.

ಕ್ಲಚ್ಚು ಹೇಗೋ ಒಲಿಯಿತು. ತೊಂದರೆ ಇದ್ದದ್ದು ನನ್ನ ತಲೆಯಲ್ಲಿ. ಆ ದಿನಗಳಲ್ಲಿ ನಾನು ಬೋಟ್ಸ್ವಾನಾದ ರಸ್ತೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೆ. ಅಲ್ಲಿ ಆನೆಗಳು ರಸ್ತೆ ದಾಟುತ್ತವೆ. ದಾಟುವಾಗ ದೂರದಲ್ಲೇ ನಿಲ್ಲಬೇಕು, ಹಾರ್ನ್ ಮಾಡಬಾರದು, ಅವಸರ ಮಾಡಬಾರದು. ಎಷ್ಟು ಚೆಂದದ ನಿಯಮ ಎಂದು ಮನಸ್ಸು ಕರಗಿಹೋಗಿತ್ತು. ರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಒಂದು ದೊಡ್ಡ ಜೀವ ತನ್ನ ಪಾಡಿಗೆ ತಾನು ದಾಟುವುದನ್ನು ನೋಡುತ್ತ ಕೂರುವುದಕ್ಕಿಂತ ಸುಖ ಇನ್ನೇನಿದೆ?

ಒಂದು ಸಂಜೆ, ರೈಲ್ವೆ ನಿಲ್ದಾಣದ ಹತ್ತಿರದ ಇಕ್ಕಟ್ಟು ರಸ್ತೆಯಲ್ಲಿ ಕಾರು ಬಹಳ ಹದವಾಗಿ ಹೋಗುತ್ತಿತ್ತು. ಹೂವಿನಂಗಡಿ, ಸೀರೆಯಂಗಡಿ, ಯಾರೋ ಹಚ್ಚಿಟ್ಟಿದ್ದ ಅಗರಬತ್ತಿಯ ವಾಸನೆ. ಎದುರಿಗೆ ಏನೋ ಮೆಲ್ಲಗೆ ರಸ್ತೆಗಿಳಿಯಿತು. ನಾನು ದೂರದಲ್ಲೇ ನಿಲ್ಲಿಸಿದೆ. ಇಂಜಿನ್ ಆಫ್ ಮಾಡಿದೆ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾದೆ. ಅದು ನಡುರಸ್ತೆಯಲ್ಲಿ ಕೂತು ತನ್ನ ಮೈ ನೆಕ್ಕಿಕೊಳ್ಳತೊಡಗಿತು. ಹಿಂದೆ ಬಸ್ಸು, ಟ್ಯಾಕ್ಸಿ, ಬೈಕು, ಎಲ್ಲದರ ಹಾರ್ನೂ ಒಟ್ಟಿಗೇ ಮೊಳಗಿತು. ಛೇ, ಈ ಜನಕ್ಕೆ ಕಾಡಿನ ನಿಯಮವೇ ಗೊತ್ತಿಲ್ಲ ಎಂದುಕೊಂಡೆ.

"ಯಾಕೆ ನಿಂತ್ರಿ?" ಎಂದರು ಮೇಷ್ಟ್ರು.

"ಅದು ದಾಟಲಿ, ಪಾಪ. ಕೆರಳಿಸಬಾರದು."

ಆ ಮಹಾ ಸಮಾಧಾನಿ ಮೊದಲ ಬಾರಿ ಕಿರುಚಿದರು: "ಅಣ್ಣಾ, ಅದು ಬೆಕ್ಕು ಲಾ!"

ಊಟದ ಮೇಜಿನ ಗಡಿ

ಎರಡು ಗಡಿ ದಾಟುವಾಗ ಯಾರೂ ತಡವರಿಸಬಾರದು ಎಂದು ಮಗಳು ಮನೆಯಲ್ಲೇ ರಿಹರ್ಸಲ್ ಇಟ್ಟಳು. ಊಟದ ಮೇಜೇ ಗಡಿ. ಮೇಜಿನ ಹಿಂದೆ ಅವಳು ಅಧಿಕಾರಿ. ಬಾಗಿಲ ಬಳಿ ಒದ್ದೆ ಕಾಲೊರೆಸು ಬೇರೆ. ಬೋಟ್ಸ್ವಾನಾದಲ್ಲಿ ಕೆಲವು ಕಡೆ ಗಾಡಿಯಿಂದ ಇಳಿಸಿ ಔಷಧಿ ನೀರಲ್ಲಿ ನೆನೆಸಿದ ಚಾಪೆಯನ್ನು ಚಪ್ಪಲಿಗಾಲಲ್ಲಿ ತುಳಿಸುತ್ತಾರಂತೆ, ದನಗಳ ರೋಗ ಹರಡದಿರಲೆಂದು.

"ಕಾಲುಬಾಯಿ ಜ್ವರಕ್ಕೆ" ಎಂದಳು ಹೆಂಡತಿ, ಬಲಗಾಲು ಎಡಗಾಲು ಒರೆಸುತ್ತ. "ನಮ್ಮಪ್ಪ ಕೊಟ್ಟಿಗೆ ಬಾಗ್ಲಲ್ಲಿ ಇದನ್ನೇ ಮಾಡಿಸ್ತಿದ್ರು. ನಂಗೆ ಇದು ಮನೆ ಬಾಗಿಲು ಇದ್ದ ಹಾಗೇ ಅನ್ನಿಸುತ್ತೆ ನೋಡಿ." ಅವಳ ದನಿ ಒಂದು ಗಳಿಗೆ ಎಲ್ಲೋ ದೂರ ಹೋಗಿ ಬಂತು.

ಅಧಿಕಾರಿ ಮುಖ ಬಿಗಿದುಕೊಂಡಿದ್ದಳು. "ಪರ್ಪಸ್ ಆಫ್ ವಿಸಿಟ್?"

"ನೋಡೋಕೆ ಬಂದಿದೀವಮ್ಮ. ನಿಮ್ಮದು ಊಟ ಆಯ್ತಾ?"

"ಅಮ್ಮಾ! ಯೂ ಡೋಂಟ್ ಆಸ್ಕ್ ದಟ್!"

"ಬಿಸಿಲಲ್ಲಿ ಕೂತಿರ್ತಾರೆ, ಕೇಳಿದ್ರೆ ಏನಾಗುತ್ತೆ?"

ಹಣ್ಣು, ಮಾಂಸ, ಹಾಲಿನ ಪದಾರ್ಥ ಏನಾದರೂ ಇದೆಯೇ ಎಂದಾಗ ನಾನು 'ನೋ' ಎಂದೆ. ಹೆಂಡತಿಗೆ ಸುಳ್ಳು ಬರುವುದಿಲ್ಲ. ಚಟ್ನಿಪುಡಿ ಇದೆ, ಅದರಲ್ಲಿ ಕೊಬ್ಬರಿ ಇದೆ, ಮೆಂತ್ಯದ ಹಿಟ್ಟಿದೆ, ತುಪ್ಪ ಇದೆ, ಆದರೆ ಚೆನ್ನಾಗಿ ಕಾಸಿದ್ದು, ಕೋಡುಬಳೆ ಇದೆ, ನಿನ್ನೆ ತಾನೆ ಕರಿದದ್ದು ಎಂದು ಡಬ್ಬಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದಳು. ಅಧಿಕಾರಿ ಕೋಡುಬಳೆಯ ಡಬ್ಬಿ ತೆರೆದು ಪರೀಕ್ಷಿಸಿದಳು. ಮತ್ತೆ ಪರೀಕ್ಷಿಸಿದಳು. ಕಡೆಗೆ ಡಬ್ಬಿಯನ್ನೇ ವಶಪಡಿಸಿಕೊಂಡು ಕೋಣೆಗೆ ಹೋದಳು. ಸಂಜೆ ನೋಡಿದರೆ ಜಪ್ತಿಯಾದ ಮಾಲಿನಲ್ಲಿ ಸಾಕ್ಷ್ಯಕ್ಕೆಂದು ಒಂದು ಚೂರೂ ಉಳಿದಿರಲಿಲ್ಲ.

ಗುಡಾರದಲ್ಲಿ ಒಂದು ಮಧ್ಯಾಹ್ನ

ಗುಡಾರದಲ್ಲಿ ಮಲಗಿ ಅಭ್ಯಾಸವಿರಲೆಂದು ಒಂದು ಸಣ್ಣ ಗುಡಾರ ತಂದೆ. ಕಾಂಡೋದ ಈಜುಕೊಳದ ಪಕ್ಕದ ಹುಲ್ಲಿನಲ್ಲಿ ಒಂದು ಭಾನುವಾರ ಹೂಡಿದೆ. ಕಾವಲುಗಾರ ಎರಡು ಸಲ ಬಂದು ನೋಡಿ, "ಅಂಕಲ್, ಓಕೆ ಆ?" ಎಂದು ಕೇಳಿ ಹೋದ.

ಒಳಗೆ ಮಲಗಿದ ಮೇಲೆ ಮಳೆ ಹಿಡಿಯಿತು. ಬಟ್ಟೆಯ ಮೇಲೆ ಹನಿಗಳ ಸದ್ದು. ಕಣ್ಣು ಮುಚ್ಚಿದೆ. ಕಲಹರಿಯಲ್ಲಿ ಮಳೆ ಬಿದ್ದರೆ ಹೀಗೇ ಕೇಳಿಸೀತೇ? ಉಪ್ಪಿನ ಬಯಲಿನ ಮೇಲೆ ತೆಳುವಾಗಿ ನೀರು ನಿಂತು, ಅದರಲ್ಲಿ ಇಡೀ ಆಕಾಶ ಇಳಿದು, ಗಾಡಿ ಮೋಡದ ನಡುವೆ ಹೋದ ಹಾಗೆ... ಹಾಗೇ ನಿದ್ದೆ ಬಂತು.

ಎಚ್ಚರವಾದಾಗ ಗುಡಾರದ ಬಾಯಲ್ಲಿ ಒಂದು ಕೊಡೆ, ಕೊಡೆಯ ಕೆಳಗೆ ಮೆಲಾಕಾದ ಡಾಕ್ಟರು. ನಮ್ಮ ಸ್ನೇಹಿತರು, ಮೂಲ ವಿಜಯಪುರ. ಈಗ ಮೆಲಾಕಾ ಊರಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ನಮ್ಮ ಮನೆಯ ಊಟಕ್ಕೆ ಬಂದು, ಹಾಗೇ ಮಲೇರಿಯಾ ಮಾತ್ರೆಗಳ ವಿಚಾರ ಹೇಳಿ ಹೋಗುವವರಿದ್ದರು.

"ಏನ್ರೀ ಸಾಹೇಬ್ರ," ಎಂದರು ಗಾಬರಿಯಿಂದ, "ಮನಿಯಿಂದ ಹೊರಗ ಹಾಕ್ಯಾರೇನ್ರಿ?"

ಇಲ್ಲವೆಂದು ಬಿಡಿಸಿ ಹೇಳುವಷ್ಟರಲ್ಲಿ ಪಕ್ಕದ ಮನೆಯ ತಮಿಳು ಆಂಟಿ ಮಳೆಯಲ್ಲೇ ಟಿಫಿನ್ ಕ್ಯಾರಿಯರ್ ಹಿಡಿದು ಬಂದರು. ಅದಕ್ಕೂ ಮೊದಲು ಅವರು ನಮ್ಮ ಮನೆಯ ಬೆಲ್ ಒತ್ತಿ, ಗಂಡ ಎಷ್ಟೇ ತಪ್ಪು ಮಾಡಿದ್ದರೂ ಮಳೆಯಲ್ಲಿ ಹೊರಗಿಡುವುದು ಸಂಸಾರಕ್ಕೆ ಶ್ರೇಯಸ್ಸಲ್ಲ ಎಂದು ನನ್ನ ಹೆಂಡತಿಗೆ ಬುದ್ಧಿ ಹೇಳಿ ಬಂದಿದ್ದರಂತೆ. "ಅವರೇ ಹೋಗಿ ಮಲಗಿರೋದು ಆಂಟಿ" ಎಂದರೂ ನಂಬಿರಲಿಲ್ಲ. ನನ್ನ ಮುಂದೆ ಕ್ಯಾರಿಯರ್ ಬಿಚ್ಚಿಟ್ಟು, ತಿನ್ನಪ್ಪಾ ಎಂದು ಕಣ್ಣೊರೆಸಿಕೊಂಡರು.

ಬರೀ ಇಡ್ಲಿ ಆಗಿದ್ದರೆ ಹೆಂಡತಿಯ ಮಾನ ಉಳಿಸಲು ಬೇಡ ಎನ್ನುತ್ತಿದ್ದೆ. ಜೊತೆಗೆ ವಡೆಯೂ ಇತ್ತು.

ನಿಂಬೆಹಣ್ಣಿನ ಪರೀಕ್ಷೆ

ಸರ್ಕಾರದ ಗೇರಿನ ಪರೀಕ್ಷೆಯನ್ನು ಬಿದ್ದು ಎದ್ದು ಪಾಸು ಮಾಡಿದೆ. ಉಳಿದದ್ದು ಮನೆಯದು. ಹೊರಡುವ ಹಿಂದಿನ ಭಾನುವಾರ, ನಮ್ಮ ಕಾಂಡೋದ ಪಾರ್ಕಿಂಗಿಗೆ ಹತ್ತುವ ಇಳಿಜಾರಿನಲ್ಲಿ ಮುಹೂರ್ತ. ಮೇಷ್ಟ್ರು ಕಾರು ತಂದರು. ಡಾಕ್ಟರು ಮೆಲಾಕಾದಿಂದ ಮಾತ್ರೆ ತಂದರು. ಆಂಟಿ ಸುಮ್ಮನೆ ಬಂದರು. ಇಳಿಜಾರಿನ ಮಧ್ಯೆ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಕೂತೆ.

ಹೆಂಡತಿ ಒಂದು ನಿಂಬೆಹಣ್ಣು ತೋರಿಸಿದಳು. "ನಮ್ಮಪ್ಪ ಹೀಗೇ ಕಲ್ಸಿದ್ದು. ಹಿಂದಿನ ಚಕ್ರದ ಬೆನ್ನಿಗೆ ಇದನ್ನ ಇಡ್ತೀನಿ. ಗಾಡಿ ಮುಂದಕ್ಕೆ ಹೋಗ್ಬೇಕು, ಹಣ್ಣು ಹಾಗೇ ಇರ್ಬೇಕು. ಅಪ್ಪಚ್ಚಿ ಆದ್ರೆ ಗಾಡಿ ಹಿಂದಕ್ಕೆ ಜಾರಿತು ಅಂತ. ಆಗ ಕೀ ನನ್ನ ಕೈಗೆ."

ನಾನು ಕಣ್ಣು ಮುಚ್ಚಿ ಬಯಲನ್ನು ಕರೆದೆ. ಬಂತು. ಬಿಳಿ ನೆಲ, ನೀಲಿ ಆಕಾಶ, ನಡುವೆ ಆ ಗೆರೆ. ಒಮ್ಮೆ ಕಣ್ಣು ಬಿಟ್ಟಾಗ ಆಂಟಿ ಬಾನೆಟ್ಟಿನ ಬಳಿ ಬಗ್ಗಿ ಏಳುತ್ತಿದ್ದರು. ಕುಂಕುಮ ಇಡುತ್ತಿರಬೇಕು, ಒಳ್ಳೆಯದೇ ಆಯಿತು ಎಂದುಕೊಂಡು ಮತ್ತೆ ಮುಚ್ಚಿದೆ. ಕ್ಲಚ್ಚು ಮೆಲ್ಲಗೆ ಬಿಟ್ಟೆ, ಹ್ಯಾಂಡ್‌ಬ್ರೇಕ್ ಇಳಿಸಿದೆ. ಕಾರು ಅಲುಗಿತು.

ಪಚಕ್.

ನನ್ನ ಎದೆಯಲ್ಲೇ ಏನೋ ಅಪ್ಪಚ್ಚಿಯಾದಂತಾಯಿತು. ಬ್ರೇಕ್ ಒತ್ತಿದೆ. ಹೊರಗೆ ಆಂಟಿ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಸೋತವನಿಗೂ ಚಪ್ಪಾಳೆ, ಎಂಥ ಮನಸ್ಸು! ನಾನು ತಲೆ ತಗ್ಗಿಸಿ ಇಳಿದೆ. ಚಕ್ರದ ಕಡೆ ನೋಡಲು ಮನಸ್ಸಾಗಲಿಲ್ಲ. ಡಾಕ್ಟರು, "ಅಲ್ರೀ ಭಾಭಿ..." ಎಂದು ಬಾಯಿ ತೆರೆದರು. ಹೆಂಡತಿ ಅವರನ್ನೇ ನೋಡುತ್ತ, "ಊಟಕ್ಕೆ ನಿಲ್ತೀರಲ್ವಾ?" ಎಂದು ಕೇಳಿದಳು. ಡಾಕ್ಟರು ಬಾಯಿ ಮುಚ್ಚಿದರು.

ಕೀ ಕೊಟ್ಟೆ. ಅವಳು ಸೆರಗು ಸಿಕ್ಕಿಸಿ ಕೂತಳು. ಕಾರು ಒಂದೇ ಉಸಿರಿಗೆ ಇಳಿಜಾರು ಹತ್ತಿ, ಹೊರಗೆ ಹೋಗಿ, ಕಾಂಡೋ ಸುತ್ತಿಕೊಂಡು ಬಂತು. ತಿರುವಿನಲ್ಲಿ ಕಂಡಳು. ಕಿಟಕಿ ಇಳಿಸಿದ್ದಾಳೆ, ಮೊಣಕೈ ಅದರ ಮೇಲೆ, ಮುಖದಲ್ಲಿ ನಾನು ಈ ಊರಿನಲ್ಲಿ ಯಾವತ್ತೂ ನೋಡದ ಒಂದು ನಗು. ಇನ್ನೊಂದು ಸುತ್ತು ಹೋದಳು. ಯಾರೂ ಕೇಳಿರಲಿಲ್ಲ. ನನ್ನ ಕನಸನ್ನು ನಾನು ಹೊರಗೆ ನಿಂತು ನೋಡಿದ್ದು ಅದೇ ಮೊದಲು. ಹೊಟ್ಟೆಕಿಚ್ಚಾಗಬೇಕಿತ್ತು, ಆಗಲಿಲ್ಲ. ಖುಷಿಯಾಯಿತು.

ಊಟಕ್ಕೆ ಎಲ್ಲರಿಗೂ ಮಜ್ಜಿಗೆ. ನನಗೊಬ್ಬನಿಗೆ ಮಾತ್ರ ನಿಂಬೆಹಣ್ಣಿನ ಶರಬತ್ತು, ಏಲಕ್ಕಿ ಹಾಕಿದ್ದು. ಸೋತವನಿಗೆ ಸಮಾಧಾನ ಎಂದುಕೊಂಡೆ. ಬಹಳ ರುಚಿಯಾಗಿತ್ತು. ಇನ್ನೊಂದು ಲೋಟ ಕೊಡು ಎಂದೆ.

"ಎಲ್ಲಿಂದ ತರ್ಲಿ?" ಎಂದಳು ಹೆಂಡತಿ, ಅನ್ನ ಬಡಿಸುವ ಭರದಲ್ಲಿ. "ವಾಹನ ಪೂಜೆ ಅಂದ್ಕೊಂಡು ಆಂಟಿ ಚಕ್ರಗಳ ಮುಂದೆ ಇಟ್ಟಿದ್ದೆಲ್ಲ ಅಪ್ಪಚ್ಚಿ ಆಯ್ತಲ್ಲ. ನೆಟ್ಟಗೆ ಉಳಿದಿದ್ದು ಹಿಂದಿನ ಚಕ್ರದ ಬೆನ್ನಿಗೆ ನಾನಿಟ್ಟಿದ್ದು ಒಂದೇ..."

ಸೌಟು ಗಾಳಿಯಲ್ಲೇ ನಿಂತಿತು. ಡಾಕ್ಟರು ಸಾರಿನಲ್ಲಿ ಮುಖ ಹುದುಗಿಸಿದರು. ಮಗಳು ಮೊದಲು ನನ್ನನ್ನು, ಆಮೇಲೆ ಲೋಟವನ್ನು ನೋಡಿ, "ಅಪ್ಪಾ, ಯೂ ಪಾಸ್ಡ್" ಎಂದಳು.

ಸಾಕ್ಷ್ಯ ಉಳಿಸದಿರುವುದು ನಮ್ಮ ಮನೆಯ ಅಧಿಕಾರಿಗಳ ಪದ್ಧತಿ. ಮಗಳಾದರೂ ಕೋಡುಬಳೆಯನ್ನು ತಾನೇ ತಿಂದು ಮುಗಿಸಿದ್ದಳು, ತಾಯಿ ನಿಂಬೆಹಣ್ಣನ್ನು ನನಗೇ ಕುಡಿಸಿದ್ದಳು. ಎದುರಿಗೆ ನಿಂತಿದ್ದ ಹೆಂಡತಿಯ ಮುಖ ಕೆಂಪಾಗಿತ್ತು. ಆ ತಿರುವಿನಲ್ಲಿ ಕಂಡ ನಗು ಇನ್ನೇನು ಆರಿಹೋಗುವುದರಲ್ಲಿತ್ತು.

"ಏನು ಪಾಸು?" ಎಂದೆ ಮಗಳಿಗೆ. "ಪಚಕ್ ಅಂದದ್ದು ನಾನೇ ಕಿವಿಯಾರೆ ಕೇಳಿದೀನಿ. ಫೇಲಂದ್ರೆ ಫೇಲು." ಲೋಟದ ತಳದಲ್ಲಿ ಉಳಿದಿದ್ದ ಕಡೆಯ ಗುಟುಕನ್ನೂ ಕುಡಿದು ಮುಗಿಸಿ, ಗೋಡೆಯ ಮೇಲಿದ್ದ ಮ್ಯಾಪನ್ನು ಬಿಚ್ಚಿ ಮಡಚಿಕೊಂಡೆ.

ಹೆಂಡತಿ ನನ್ನ ತಟ್ಟೆಗೆ ಎರಡು ಚಮಚ ತುಪ್ಪ ಹೆಚ್ಚಿಗೆ ಬಡಿಸಿ, "ಉಪ್ಪಿನ ಬಯಲು ಬಂದಾಗ ಅರ್ಧ ಗಂಟೆ ನಿಮಗೂ ಕೊಡ್ತೀನಿ" ಎಂದಳು. "ಅಲ್ಲಿ ಬೆಕ್ಕು ಇರಲ್ವಂತೆ."