ಗಟ್ಟಿತಲೆಯವರ ಮನೆಯಿಂದ ಫುಟ್‌ಬಾಲ್ ಸಂಘದ ಅಧ್ಯಕ್ಷರಿಗೆ

ಸಂಘದ ಜೆರ್ಸಿಗಳನ್ನು ಹದಿನಾರು ವರ್ಷಗಳಿಂದ ಹೊಲಿದುಕೊಡುತ್ತಿರುವ ದರ್ಜಿ ಹೆಂಗಸಿನ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದೂ, ತಮ್ಮ ತಲೆ ಎಂದಿನಂತೆ ಸ್ವಸ್ಥಾನದಲ್ಲಿದೆಯೆಂದೂ ನಂಬಿದ್ದೇನೆ. ನನ್ನ ಯಜಮಾನರನ್ನು ತಾವು ಮರೆತಿರಲಾರಿರಿ; ಮರೆಯುವ ಕೆಲಸವನ್ನು ಸದ್ಯ ಅವರೇ ವಹಿಸಿಕೊಂಡಿದ್ದಾರೆ. ವೃತ್ತಿಯಲ್ಲಿ ವೈರ್‌ಮನ್ ಆದ ಅವರು ಇಪ್ಪತ್ತೆರಡು ವರ್ಷ ತಮ್ಮ ತಂಡದ ಗೋಲಿನ ಮುಂದೆ ಗೋಡೆಯಂತೆ ನಿಂತು, ಆಕಾಶದಿಂದ ಇಳಿದ ಚೆಂಡುಗಳನ್ನೆಲ್ಲ ಹಣೆಯಲ್ಲೇ ಸ್ವಾಗತಿಸಿ ಹಿಂದಕ್ಕೆ ಕಳುಹಿಸಿದ್ದಕ್ಕೆ, ತಾವೇ ಅವರಿಗೆ ‘ಗಟ್ಟಿತಲೆ’ ಎಂಬ ಬಿರುದು ದಯಪಾಲಿಸಿದಿರಿ. ಮಳೆಯಲ್ಲಿ ನೆನೆದು ಕಲ್ಲಿನಂತಾದ ಚೆಂಡಿಗೂ ಅವರು ಭೇದವೆಣಿಸಲಿಲ್ಲ. ಪಂದ್ಯ ಮುಗಿದ ಮೇಲೆ ಕಣ್ಣಿಗೆ ಮಂಜು ಕವಿದು ಗೋಡೆ ಹಿಡಿದು ಕೂತಾಗ ತಾವು ಬೆನ್ನು ತಟ್ಟಿ, “ಒಂದು ಲೋಟ ನೀರು ಕುಡಿ, ಸರಿಹೋಗುತ್ತೆ” ಎನ್ನುತ್ತಿದ್ದಿರಿ. ಇಷ್ಟು ಸುಲಭದ ಚಿಕಿತ್ಸೆ ಕಂಡುಹಿಡಿದವರು ವೈದ್ಯಲೋಕದಲ್ಲೂ ವಿರಳ.

ಈಗ ಅವರಿಗೆ ನಲವತ್ತೆಂಟು. ಕಳೆದ ವರ್ಷ ಒಬ್ಬರ ಮನೆಯ ಫ್ಯಾನನ್ನು ಬೆಳಿಗ್ಗೆ ರಿಪೇರಿ ಮಾಡಿ ಬಂದು, ಮಧ್ಯಾಹ್ನ ಮತ್ತೆ ಅದೇ ಮನೆಗೆ ಹೋಗಿ, ತನ್ನ ಪಾಡಿಗೆ ತಿರುಗುತ್ತಿದ್ದ ಫ್ಯಾನನ್ನು ನಿಲ್ಲಿಸಿ ಬಿಚ್ಚಿದರು. ಮನೆಯಾಕೆ ಒಳ್ಳೆಯವರು, ಟೀ ಕೊಟ್ಟು ಕಳುಹಿಸಿದರು. ನಾವೂ ನಕ್ಕು ಸುಮ್ಮನಾದೆವು. ಆದರೆ ಎರಡು ತಿಂಗಳ ಹಿಂದೆ ಬೇಕರಿಯಲ್ಲಿ ಮೇನ್ ಸ್ವಿಚ್ ಆರಿಸುವುದನ್ನೇ ಮರೆತು ತಂತಿಗೆ ಕೈಹಾಕಿದರು. ಬೇಕರಿಯವರು ಬ್ರೆಡ್ ತೆಗೆಯುವ ಉದ್ದನೆಯ ಮರದ ಹಲಗೆಯಿಂದ ಆಚೆ ತಳ್ಳಿದ್ದರಿಂದ ನಾನು ಈ ಪತ್ರದಲ್ಲಿ ಅವರನ್ನು ಕುರಿತು ವರ್ತಮಾನಕಾಲದಲ್ಲಿ ಬರೆಯುತ್ತಿದ್ದೇನೆ.

ಡಾಕ್ಟರು ಸ್ಪಷ್ಟವಾಗಿಯೇ ಹೇಳಿದರು: “ಇದು ಚೆಂಡಿನಿಂದಲೇ ಆಯ್ತು ಅಂತ ನಾನು ಆಣೆ ಇಟ್ಟು ಹೇಳಲಾರೆ ತಾಯಿ. ಆದರೆ ಮಿದುಳು ಮೊಳೆ ಹೊಡೆದು ಕೂರಿಸಿದ ವಸ್ತುವಲ್ಲ. ಒಂದೊಂದು ಪೆಟ್ಟಿಗೂ ಒಳಗೆ ಅಲುಗುತ್ತೆ. ಮಕ್ಕಳಿಗಂತೂ ಬೇಡವೇ ಬೇಡ.”

ಈ ಕೊನೆಯ ಮಾತು ನನ್ನ ನಿದ್ದೆ ಕೆಡಿಸಿತು. ಹನ್ನೊಂದು ವರ್ಷದ ನಮ್ಮ ಮಗಳು ತಮ್ಮ ಹುಡುಗಿಯರ ತಂಡದಲ್ಲಿದ್ದು, ಪ್ರತಿ ಸಂಜೆ ತಲೆಯಿಂದ ನಲವತ್ತು ಚೆಂಡು ಹೊಡೆದು, ಹಣೆ ಒತ್ತಿಕೊಂಡು ಮನೆಗೆ ಬರುತ್ತಾಳೆ. ನಾನು ತಮ್ಮ ಕಚೇರಿಗೆ ಓಡಿಬಂದಾಗ ತಾವು, “ತಲೆ ಕೆಡಿಸಿಕೊಳ್ಳಬೇಡಿ ಅಮ್ಮಾ” ಎಂದಿರಿ. ಇದೇ ಸಲಹೆಯನ್ನು ಇಪ್ಪತ್ತು ವರ್ಷ ಮೊದಲೇ ನಮ್ಮ ಯಜಮಾನರಿಗೆ ಕೊಟ್ಟಿದ್ದರೆ ಎಷ್ಟು ಉಪಕಾರವಾಗುತ್ತಿತ್ತು! ಆದರೂ ತಾವು ದೊಡ್ಡ ಮನಸ್ಸಿನಿಂದ ಸಮಿತಿ ರಚಿಸಿದಿರಿ: ತಾವು, ತಮ್ಮ ಭಾವಮೈದ, ಮತ್ತು ಜೀವಮಾನವಿಡೀ ಕೈಯಲ್ಲೇ ಚೆಂಡು ಹಿಡಿದ ಒಬ್ಬ ಗೋಲ್‌ಕೀಪರ್. ಮೂವರೂ ತಂತಮ್ಮ ತಲೆ ಮುಟ್ಟಿ ನೋಡಿಕೊಂಡು, ಯಾರಿಗೂ ಏನೂ ಆಗಿಲ್ಲವೆಂದು ಹದಿನೈದೇ ನಿಮಿಷದಲ್ಲಿ ತೀರ್ಮಾನಿಸಿದಿರಿ. ಮೇಲಾಗಿ ನನ್ನ ಸಮಾಧಾನಕ್ಕೆಂದು, ಹುಡುಗಿಯರ ಹೆಡ್ಡರ್ ಸ್ಪರ್ಧೆಯನ್ನು ಮೊದಲ ಚೆಂಡು ತಲೆಯಿಂದ ಹೊಡೆದು ಉದ್ಘಾಟಿಸಲು ಯಜಮಾನರನ್ನೇ ಮುಖ್ಯ ಅತಿಥಿಯಾಗಿ ಕರೆದಿರಿ. ಗಾಯಕ್ಕೆ ಉಪ್ಪು ಸವರುವುದನ್ನು ಕೇಳಿದ್ದೆ; ಹಾರ ಹಾಕಿ ಸವರುವುದನ್ನು ಅಂದು ಕಂಡೆ.

ಬೇಡವೆಂದರೂ ಅವರು ಬಂದರು. ತಾವು ಸ್ವಹಸ್ತದಿಂದ ಚೆಂಡೆಸೆದಿರಿ. ಅವರು ತಲೆಯೆತ್ತಿ ನೋಡಿ, ಎರಡೂ ಕೈ ಚಾಚಿ ಅದನ್ನು ಹಿಡಿದು, ಮಗುವಿನಂತೆ ಹೊಟ್ಟೆಗೆ ಅವಚಿಕೊಂಡರು. ರೆಫರಿ ಅಭ್ಯಾಸಬಲದಿಂದ ಸೀಟಿ ಊದಿದ. ತಾವು ಮೈಕಿನಲ್ಲೇ, “ಏನಯ್ಯಾ, ಆಟವೇ ಮರೆತುಹೋಯ್ತಾ?” ಎಂದು ಕೇಳಿದಿರಿ. “ಮರೆತೆ ಸಾರ್. ಇದೊಂದು ಮರೆತದ್ದು ಒಳ್ಳೇದಾಯ್ತು” ಎಂದರು ಯಜಮಾನರು. ಸಾಲಿನ ಮೊದಲಲ್ಲಿದ್ದ ನಮ್ಮ ಮಗಳು ತನ್ನ ಪಾಲಿನ ಚೆಂಡನ್ನೂ ಕೈಯಲ್ಲೇ ಹಿಡಿದಳು. ಅವಳ ಹಿಂದಿನವಳೂ ಹಿಡಿದಳು, ಅವಳ ಹಿಂದಿನವಳೂ. ಇಪ್ಪತ್ತು ಹುಡುಗಿಯರ ಸರದಿ ಮುಗಿಯುವಷ್ಟರಲ್ಲಿ ರೆಫರಿಗೆ ಉಸಿರೇ ಉಳಿದಿರಲಿಲ್ಲ.

ನಿಜಕ್ಕೂ ಮರೆತಿರೋ, ಬೇಕೆಂದೇ ಮಾಡಿದಿರೋ ಎಂದು ಮನೆಯಲ್ಲಿ ಅವರನ್ನು ಎರಡು ಸಲ ಕೇಳಿದೆ. ಎರಡು ಉತ್ತರ ಬಂದವು. ಮೂರನೆಯ ಸಲ ಕೇಳಲು ನನಗೆ ಧೈರ್ಯವಾಗಲಿಲ್ಲ.

ಆದ್ದರಿಂದ ಮಾನ್ಯರೇ, ನನ್ನ ಬಿನ್ನಹ ಬಹಳ ಸಣ್ಣದು. ಮಕ್ಕಳಿಗೆ ತಲೆಯಾಟವನ್ನು ನಿಲ್ಲಿಸಿ, ಆಟದ ಹೆಸರಿನಲ್ಲೇ ಇರುವ ಅಂಗವನ್ನು ಬಳಸಲು ಕಲಿಸಿ. ಇದು ಸಂಘದ ಘನತೆಗೆ ಕುಂದೆನಿಸಿದರೆ, ಸಮಿತಿಯ ಮೂವರೂ ಒಂದು ವರ್ಷ ಕಾಲ ದಿನಕ್ಕೆ ನಲವತ್ತರಂತೆ ಚೆಂಡುಗಳನ್ನು ತಲೆಗೆ ತೆಗೆದುಕೊಂಡು, ಅನಂತರವೂ ಕಚೇರಿಯ ದಾರಿ ನೆನಪಿದ್ದಲ್ಲಿ, ಮತ್ತೊಂದು ಸಭೆ ಸೇರಿ ವಿಚಾರ ಮಾಡಬಹುದು. ಅಲ್ಲಿಯವರೆಗೆ ಹುಡುಗಿಯರು ಮೈದಾನಕ್ಕೆ ಬರುವುದಿಲ್ಲವೆಂದು ಇಪ್ಪತ್ತು ತಾಯಂದಿರೂ ಕೆಳಗೆ ಸಹಿ ಮಾಡಿದ್ದಾರೆ. ಹೊಸ ಜೆರ್ಸಿಗಳನ್ನು ಕತ್ತರಿಸಿ ಇಟ್ಟಿದ್ದೇನೆ. ತೋಳು ಜೋಡಿಸುವುದು ತಮ್ಮ ಉತ್ತರ ಬಂದ ಮೇಲೆ.

ವಿಶ್ವಾಸ ಇನ್ನೂ ಉಳಿದಿರುವಷ್ಟರ ಮಟ್ಟಿಗೆ,
ತಮ್ಮ ವಿಶ್ವಾಸಿ,
ಗಟ್ಟಿತಲೆಯವರ ಹೆಂಡತಿ

ಮರೆತ ಮಾತು: ಈ ಪತ್ರವನ್ನು ತಾನೇ ತಲುಪಿಸುತ್ತೇನೆಂದು ಯಜಮಾನರು ಹಟ ಹಿಡಿದಿರುವುದರಿಂದ, ನಾಲ್ಕು ಪ್ರತಿ ಮಾಡಿ ಅವರ ಕೈಗಿತ್ತಿದ್ದೇನೆ. ಒಂದೇ ದಿನ ನಾಲ್ಕು ಸಲ ಬಂದು ನಾಲ್ಕನ್ನೂ ಕೊಟ್ಟರೆ, ದಯವಿಟ್ಟು ಪ್ರತಿಸಲವೂ ಮೊದಲ ಸಲವೆಂಬಂತೆ ನಗುತ್ತಾ ತೆಗೆದುಕೊಳ್ಳಿ; ನಾವು ಮನೆಯಲ್ಲಿ ಹಾಗೆಯೇ ಮಾಡುತ್ತೇವೆ.