ನಾನೂ ಒಬ್ಬ ಉಕೆ!

ಲೋಕಲ್ ರೈಲಿನಲ್ಲಿ ನೂಕಿಸಿಕೊಂಡು ನೂಕಿಸಿಕೊಂಡು ನನಗೆ ಸಾಕಾಗಿಹೋಗಿತ್ತು. ಇನ್ನು ಮುಂದೆ ಈ ಶ್ರೀಶೈಲನನ್ನು ಯಾರೂ ಅಲುಗಾಡಿಸಬಾರದು! ಹಾಗಂತ ಪಣ ತೊಟ್ಟು, ಅಂಧೇರಿಯಲ್ಲಿ ನಮ್ಮ ಆಫೀಸಿನ ಹಿಂದಿನ ಗಲ್ಲಿಯ ಐಕಿಡೊ ಕ್ಲಾಸಿಗೆ ಸೇರಿಯೇಬಿಟ್ಟೆ. ಅದು ಜಪಾನಿನ ಸಮರಕಲೆ.

ಕಲಿಸುವವರು ಸೋನಾಲಿ ಮೇಡಂ. ನನ್ನ ಭುಜದಷ್ಟೂ ಎತ್ತರವಿಲ್ಲದ ಹುಡುಗಿ. ಮೊದಲ ದಿನ ಚಾಪೆಯ ಮೇಲೆ ಬರೀ ಉರುಳುಸೇವೆ. ಕೊನೆಗೆ ಮೇಡಂ, "ಶ್ರೀಶೈಲ್‌ಜೀ, ಮುಂದಿನ ಕ್ಲಾಸಿನಲ್ಲಿ ನೀವೇ ನನ್ನ ಉಕೆ" ಅಂದರು. ಎಲ್ಲರೂ ನನಗೆ ಬಗ್ಗಿ ನಮಸ್ಕರಿಸಿದರು. ಆಹಾ!

ದಹಿಸರಿನ ಮನೆಗೆ ಎದೆ ಉಬ್ಬಿಸಿಕೊಂಡು ಬಂದೆ.

"ನನ್ನ ಉಕೆ ಮಾಡ್ಯಾರ!"

"ಹಂಗಂದ್ರ ಏನ್ರೀ?" ಅಂದಳು ಹೆಂಡತಿ ಶುಭಾಂಗಿ.

"ದೊಡ್ಡ ಪದವಿ. ಎಲ್ಲಾರೂ ಬಗ್ಗಿ ನಮಸ್ಕಾರ ಮಾಡತಾರ!"

ಕುಕ್ಕರ್ ಸೀಟಿ ಹೊಡೆಯುವುದರೊಳಗೆ ಸುದ್ದಿ ಇಡೀ ಬಿಲ್ಡಿಂಗ್ ಮುಟ್ಟಿತ್ತು. ಬೆಳಗಾದರೆ ಸೊಸೈಟಿಯ ಸೆಕ್ರೆಟರಿ ಹಿತೇಶ್‌ಭಾಯಿ ಲಿಫ್ಟಿನ ಪಕ್ಕ ನೋಟಿಸ್ ಅಂಟಿಸಿದ್ದರು: 'ಮಹಿಳೆಯರಿಗೆ ಆತ್ಮರಕ್ಷಣೆಯ ಪಾಠ. ಭಾನುವಾರ, ಟೆರೇಸ್ ಮೇಲೆ. ಉಕೆ ಶ್ರೀಶೈಲ್‌ಜೀ ಅವರಿಂದ!'

ಮುಂದಿನ ಕ್ಲಾಸಿನಲ್ಲಿ ಮೇಡಂ, "ನನ್ನ ಮಣಿಕಟ್ಟು ಹಿಡೀರಿ" ಅಂದರು. ಹಿಡಿದದ್ದಷ್ಟೇ ನೆನಪು. ಆಮೇಲೆ ಕಂಡದ್ದು ಸೀಲಿಂಗ್ ಫ್ಯಾನು!

"ಬೀಳಿಸುವವರು ನಾಗೆ," ಮೇಡಂ ಶಾಂತವಾಗಿ ವಿವರಿಸಿದರು, "ಬೀಳುವವರು ಉಕೆ."

"ಮತ್ತೆ ಅವತ್ತಿನ ನಮಸ್ಕಾರ?"

"ಬೀಳೋಕೆ ಒಪ್ಪಿಕೊಂಡಿರಲ್ಲ, ಅದಕ್ಕೆ!"

ಮನೆಯಲ್ಲಿ ಬಾಯಿ ಬಿಡಲಿಲ್ಲ. ಬಿಟ್ಟರೆ ಮಾನ ಉಳಿಯಬೇಕಲ್ಲ! ಭಾನುವಾರ ನೀವೇ ಬಂದು ಪಾಠ ಮಾಡಿ ಅಂತ ಮೇಡಂಗೆ ದುಂಬಾಲು ಬಿದ್ದೆ. ಖುಷಿಯಿಂದ ಒಪ್ಪಿದರು.

ಟೆರೇಸ್ ತುಂಬ ಹೆಂಗಸರು. ನಡುವೆ ಗಾದಿಗಳು. ಊರಿಂದ ಬಂದಿದ್ದ ನನ್ನ ಅತ್ತೆ ಹಾಲವ್ವನಿಗೆ ಮುಂದೆಯೇ ಕುರ್ಚಿ. ಮೇಡಂ ನನ್ನನ್ನು ಎಡಕ್ಕೆ ಕೆಡವಿದರು, ಬಲಕ್ಕೆ ಕೆಡವಿದರು, ಗಿರಕಿ ಹೊಡೆಸಿ ಕೆಡವಿದರು. ಒಂದೊಂದಕ್ಕೂ ಚಪ್ಪಾಳೆ!

"ನಮ್ಮ ಅಳಿಯಂದ್ರು ಭಾಳ ಚಂದ ಬೀಳತಾರವಾ!" ಅಂದರು ಅತ್ತೆ.

ಅಷ್ಟಕ್ಕೇ ಮುಗಿದಿದ್ದರೆ ಬಚಾವಾಗುತ್ತಿದ್ದೆ. ಮೇಡಂ ಹೆಂಗಸರತ್ತ ತಿರುಗಿ, "ಈಗ ನೀವೆಲ್ಲ ಒಬ್ಬೊಬ್ಬರಾಗಿ ಬನ್ನಿ. ಬೀಳೋಕೆ ಉಕೆ ಇದ್ದಾರೆ!" ಅಂದುಬಿಟ್ಟರು. ರೇಷನ್ ಅಂಗಡಿಯಲ್ಲೂ ನಾನು ಅಂಥ ಕ್ಯೂ ಕಂಡಿರಲಿಲ್ಲ. ನಾನು ಮಣಿಕಟ್ಟು ಹಿಡಿಯುವುದು, ಅವರು ತಿರುಗುವುದು, ಧಡಾರ್! ಕೆಳಗಿನ ಮನೆಯ ಗಂಗುಬಾಯಿಯಂತೂ, "ಭಾವೂ, ಪುನ್ಹಾ ಏಕದಾ!" ಅಂತ ಎರಡನೇ ಸಲವೂ ಬಂದು ಕೆಡವಿ ಹೋದರು.

ಎಲ್ಲರಾದ ಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಶುಭಾಂಗಿ ಬಂದು ನಿಂತಳು. ನನ್ನ ಪದವಿಯ ಅರ್ಥ ಅವಳಿಗೆ ಈಗ ಚೆನ್ನಾಗಿಯೇ ತಿಳಿದಿತ್ತು. ಆ ಮುಗುಳ್ನಗೆಯೇ ಹೇಳುತ್ತಿತ್ತು. ಮೆಲ್ಲಗೆ ಕೈ ಚಾಚಿದಳು. ನಾನು ಧೊಪ್ಪನೆ ಬಿದ್ದುಬಿಟ್ಟೆ!

"ಅಯ್ಯ, ಇದೇನ್ರೀ! ನಾ ಇನ್ನಾ ಮುಟ್ಟೇ ಇಲ್ಲ!"

ಮೇಡಂ ಬೆರಗಾಗಿ ನಿಂತರು. "ಎದುರಿನವರು ಮುಟ್ಟುವ ಮೊದಲೇ ಬೀಳೋದಾ! ಇದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು. ಯಾರು ಕಲಿಸಿದ್ದು?"

ಶುಭಾಂಗಿ ಸೆರಗು ಸರಿಮಾಡಿಕೊಂಡಳು.

"ನಾನs ರೀ, ಮೇಡಂ."