ಚಿರೆಕಲ್ಲಿನ ಮೇಲೆ ಐದು ಆರು ಏಳು ಎಂಟು

ಬೇರೆಯವರು ಏನಾದರೂ ಹೊಸದನ್ನು ಕಲಿತರೆ ಊರವರು ಮೆಚ್ಚುತ್ತಾರೆ. ನಾನು ಕಲಿಯಲು ಹೊರಟರೆ ಊರಿಗೆ ಒಂದು ವಾರಕ್ಕಾಗುವಷ್ಟು ನಗು ಸಿಗುತ್ತದೆ. ಸೈಕಲ್ ಕಲಿತಾಗ ಹಾಗೇ ಆಯಿತು, ಹೊಲಿಗೆ ಮಶೀನು ತಂದಾಗಲೂ ಹಾಗೇ ಆಯಿತು. ಆದರೆ ಟೀವಿ ನೋಡಿ ಏರೋಬಿಕ್ಸ್ ಕಲಿತ ಕಾಲದಲ್ಲಿ ಆದಷ್ಟು ಫಜೀತಿ ಬೇರೆ ಯಾವಾಗಲೂ ಆಗಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಿಗಾದರೂ ಬೇಜಾರಾದರೆ ಈಗಲೂ ಅದನ್ನೇ ಹೇಳಿಸುತ್ತಾರೆ.

ವಾಕಿಂಗು

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಕುಮಟಾ ಹತ್ತಿರದ ಒಂದು ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರು. ಮನೆ ಹೊಳನಗದ್ದೆಯಲ್ಲಿ, ತವರು ಹೊನ್ನಾವರ. ಜ್ವರ ಬಂದರೂ ನೆಗಡಿಯಾದರೂ ಹೊನ್ನಾವರದ ನಮ್ಮ ಹಳೆಯ ಡಾಕ್ಟರ ಹತ್ತಿರವೇ ಹೋಗುವುದು ನನ್ನ ಅಭ್ಯಾಸ. ಒಮ್ಮೆ ರಕ್ತ ಪರೀಕ್ಷೆಯ ಚೀಟಿ ನೋಡಿ ಅವರು ಹೇಳಿದರು, "ಅಕ್ಕೋರೆ, ಸಕ್ಕರೆ ಗಡಿ ಮೇಲೆ ಬಂದು ನಿಂತದೆ. ಆಚೆ ಕಾಲಿಟ್ರೆ ಜೀವ ಇರೂತನಕ ಗುಳಿಗೆ. ಮೂರು ತಿಂಗಳು ಕೊಡ್ತೆ, ಮೈ ಇಳಿಸಿ."

ನನಗೆ ನಿಜವಾಗಿಯೂ ಹೆದರಿಕೆಯಾಯಿತು. ನನ್ನ ಅಮ್ಮನಿಗೆ ಇದೇ ಕಾಯಿಲೆಯಲ್ಲಿ ಐವತ್ತು ದಾಟುವ ಮೊದಲೇ ಕಣ್ಣು ಹೋಗಿತ್ತು. ಆಗ ನೋಡಿದವರೂ ಇದೇ ಡಾಕ್ಟರು.

ಮರುದಿನ ಬೆಳಿಗ್ಗೆಯೇ ವಾಕಿಂಗ್ ಹೊರಟೆ. ನೂರು ಹೆಜ್ಜೆ ಹಾಕಿರಬೇಕು, ಒಬ್ಬ ವಿದ್ಯಾರ್ಥಿಯ ತಂದೆ ಸ್ಕೂಟರ್ ನಿಲ್ಲಿಸಿದರು. "ಅಕ್ಕೋರು ನಡ್ಕಂಡು ಹೋಗೂದಾ? ಕೂತ್ಕಣಿ." ಬೇಡ ಎಂದರೆ ಬೇಸರ ಮಾಡಿಕೊಳ್ಳುತ್ತಾರೆ ಎಂದು ಕೂತೆ. ಎರಡನೇ ದಿನ ಹಾಲಿನ ಗಾಡಿ, ಮೂರನೇ ದಿನ ಮೀನಿನ ಟೆಂಪೋ. ಮೈ ಇಳಿಸಲು ಹೊರಟ ನಾನು ಒಂದು ವಾರದಲ್ಲಿ ಆರು ಸಲ ಕುಮಟಾ ಪೇಟೆಯಲ್ಲಿ ಇಳಿದೆ.

ಹತ್ತಿ ಎಲ್ಲಿಗೆ ಹೋಗೂದು

ನಮ್ಮ ಯಜಮಾನರಿಗೆ ಆಗ ಭಟ್ಕಳದ ಒಂದು ಕಚೇರಿಯಲ್ಲಿ ಕೆಲಸ. ಅಲ್ಲಿನ ದುಬೈ ಸಾಮಾನಿನ ಅಂಗಡಿಯಿಂದ ಒಂದು ವಿಸಿಡಿ ಪ್ಲೇಯರ್ ತಂದರು. ಅಂಗಡಿಯವರು ಅದರ ಜೊತೆ ಒಂದು ಸಿಡಿ ಪುಕ್ಕಟೆ ಕೊಟ್ಟು, "ಭಾಭೀಗೆ ಕೊಡಿ ಸಾಹೇಬ್ರೆ, ದುಬೈಯಲ್ಲಿ ಹೆಂಗಸ್ರೆಲ್ಲ ಮನೇಲೇ ಇದು ಮಾಡ್ತಾರೆ" ಎಂದಿದ್ದರಂತೆ. ಹಾಕಿ ನೋಡಿದರೆ ಒಬ್ಬಳು ಫಾರಿನ್ ಹೆಂಗಸು ಗೇಣೆತ್ತರದ ಹಲಗೆಯ ಮೇಲೆ ಹತ್ತುತ್ತಾಳೆ, ಇಳಿಯುತ್ತಾಳೆ, ಅದನ್ನು ದಾಟುತ್ತಾಳೆ, ಸುತ್ತುತ್ತಾಳೆ, ಅಷ್ಟೂ ಹೊತ್ತು ನಗುತ್ತಲೇ ಇರುತ್ತಾಳೆ. ಮನೆಯೊಳಗೇ ಮಾಡಬಹುದು, ಯಾರೂ ಸ್ಕೂಟರ್ ನಿಲ್ಲಿಸುವುದಿಲ್ಲ. ನನಗೆ ಹಿಡಿಸಿತು.

ಹಲಗೆ ಎಲ್ಲಿಂದ ತರುವುದು? ಊಟದ ಮಣೆ ತೆಗೆದೆ. ನನ್ನ ಅತ್ತೆ ಅದನ್ನು ಕೈಯಿಂದ ಕಿತ್ತುಕೊಂಡರು. "ಇದ್ರ ಮೇಲೆ ನಿನ್ನ ಗಂಡ ಕೂತು ಧಾರೆ ಆಗಿದ್ದು. ನೀನು ಕುಣಿಯೂಕಾ?" ಹಿತ್ತಲಲ್ಲಿ ಬಚ್ಚಲುಮನೆ ಕಟ್ಟಿ ಉಳಿದ ಕೆಂಪು ಚಿರೆಕಲ್ಲು ಬಿದ್ದಿತ್ತು. ನಾಲ್ಕು ಕಲ್ಲು ಜೋಡಿಸಿದರೆ ಹಲಗೆಯಷ್ಟೇ ಅಗಲ, ಆದರೆ ಎತ್ತರ ಸ್ವಲ್ಪ ಹೆಚ್ಚು. ಕೆತ್ತಿ ತಗ್ಗಿಸಲು ಮೇಸ್ತ್ರಿಯನ್ನು ಕರೆಸಿದೆ.

"ಮೆಟ್ಲು ಎಲ್ಲಿ ಕೂರ್ಸೂದು ಅಕ್ಕೋರೆ?"

"ಎಲ್ಲೂ ಇಲ್ಲ. ಜಗಲಿ ಮಧ್ಯೆ ಇರ್ಲಿ."

"ಹತ್ತಿ ಎಲ್ಲಿಗೆ ಹೋಗೂದು?"

"ಎಲ್ಲಿಗೂ ಇಲ್ಲ. ಹತ್ತಿ ಅಲ್ಲೇ ಇಳಿಯೂದು."

ಮೇಸ್ತ್ರಿ ಹೇಳಿದಷ್ಟು ಕಲ್ಲು ಕೆತ್ತಿದ. ಹೋಗುವಾಗ ಹಿತ್ತಲಿಗೆ ಹೋಗಿ ಅತ್ತೆಯ ಕಿವಿಯಲ್ಲಿ, "ಅಕ್ಕೋರಿಗೆ ಶಾಲೆ ಕೆಲ್ಸ ಜಾಸ್ತಿ ಆಗದೆ, ನಾಲ್ಕು ದಿನ ತವರಿಗೆ ಕಳ್ಸಿ" ಎಂದು ಹೇಳಿ ಹೋದನಂತೆ.

ಮೊದಲ ನಾಲ್ಕು

ಒಬ್ಬಳೇ ಕುಣಿಯಲು ನಾಚಿಕೆ. ಪಕ್ಕದ ಮನೆಯ ಕೊಂಕಣಿಯವರನ್ನು, ನಾವೆಲ್ಲ ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವವರನ್ನು, ಜೊತೆ ಮಾಡಿಕೊಂಡೆ. ಅವರಿಗೆ ಸಕ್ಕರೆಯೂ ಇಲ್ಲ, ಏನೂ ಇಲ್ಲ. ಹೊತ್ತು ಹೋಗಬೇಕಿತ್ತು ಅಷ್ಟೆ. ಇನ್ನೂ ನಾಲ್ಕು ಕಲ್ಲು ಬಂದವು. ಸಂಜೆ ಶಾಲೆಯಿಂದ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಲಿಯ ಟೀವಿ ಎದುರು ನಿಂತೆವು.

ಆ ಹೆಂಗಸು "ಫೈವ್, ಸಿಕ್ಸ್, ಸೆವೆನ್, ಎಯ್ಟ್" ಎಂದು ಶುರು ಹಚ್ಚಿದಳು.

ವೈನಿ ಕಲ್ಲಿನಿಂದ ಇಳಿದರು. "ಅಕ್ಕೋರೆ, ಒಂದರಿಂದ ನಾಲ್ಕು ಎಲ್ಲಿ ಹೋತು?"

ಇಪ್ಪತ್ತು ವರ್ಷ ಮಗ್ಗಿ ಕಲಿಸಿದವಳು ನಾನು, ಐದರಿಂದ ಶುರುವಾಗುವ ಲೆಕ್ಕವನ್ನು ಹೇಗೆ ಒಪ್ಪಲಿ? ಮೊದಲ ನಾಲ್ಕು ಹೆಜ್ಜೆ ನಮಗೆ ತಪ್ಪಿಹೋಗಿದೆ ಎಂದು ತೀರ್ಮಾನಿಸಿ ಸಿಡಿಯನ್ನು ಹಿಂದಕ್ಕೆ ಓಡಿಸಿದೆ. ಅಲ್ಲಿ ಸಮುದ್ರ ಇತ್ತು, ಬರೀ ಹೆಸರುಗಳಿದ್ದವು. ಎರಡು ಸಂಜೆ ಹುಡುಕಿದೆವು. ಬುಡ ಗಟ್ಟಿಯಿಲ್ಲದೆ ಮುಂದಿನ ಪಾಠಕ್ಕೆ ಹೋಗುವುದು ನನ್ನ ಜಾಯಮಾನವಲ್ಲ. ಕೊನೆಗೆ ಯಜಮಾನರಿಗೆ ಹೇಳಿ ಭಟ್ಕಳದ ಅಂಗಡಿಯಲ್ಲಿ ಕೇಳಿಸಿದೆ.

ಅಂಗಡಿಯವರು ನಗಲಿಲ್ಲವಂತೆ. ಬಹಳ ಮರ್ಯಾದೆಯಿಂದಲೇ ಹೇಳಿದರಂತೆ, "ಸಾಹೇಬ್ರೆ, ಪುಕ್ಕಟೆ ಸಿಡಿಯಲ್ಲಿ ಮೊದಲ ನಾಲ್ಕು ಬರೂದಿಲ್ಲ."

ಬಲಕ್ಕೇ ಸುತ್ತು

ಹೆಜ್ಜೆಗಳ ಇಂಗ್ಲಿಷ್ ಹೆಸರು ನೆನಪಿಡಲಾಗದೆ ನಾವೇ ಹೆಸರಿಟ್ಟುಕೊಂಡೆವು. ಮಂಡಿ ಎತ್ತುವುದು "ಕೆಸರುಗದ್ದೆ", ಅಡ್ಡಡ್ಡ ಹೋಗುವುದು "ಏಡಿ", ಈ ಕಡೆ ಹತ್ತಿ ಆ ಕಡೆ ಇಳಿಯುವುದು "ಬಸ್ಸು". ನಾನು ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಪಾಠ ಟಿಪ್ಪಣಿಯಂತೆ ಬರೆದೆ. ಒಂದು ಕೆಸರುಗದ್ದೆ, ಎರಡು ಏಡಿ, ಒಂದು ಬಸ್ಸು, ಆಮೇಲೆ ಕಲ್ಲಿಗೆ ಒಂದು ಸುತ್ತು.

ತೊಂದರೆ ಬಂದದ್ದು ಆ ಸುತ್ತಿನಲ್ಲಿ. ಟೀವಿಯವಳು ನಮ್ಮ ಕಡೆ ಮುಖ ಮಾಡಿ ನಿಂತವಳು. ಬಾಯಲ್ಲಿ ಒಂದು ದಿಕ್ಕು ಹೇಳಿದರೆ ನಮ್ಮ ಕಣ್ಣಿಗೆ ಇನ್ನೊಂದು ದಿಕ್ಕು ಕಾಣುತ್ತಿತ್ತು. ನಾನು ಕಿವಿಯನ್ನು ನಂಬಿ ಎಡಕ್ಕೆ ಹೊರಟೆ, ವೈನಿ ಕಣ್ಣನ್ನು ನಂಬಿ ಬಲಕ್ಕೆ ಹೊರಟರು. ಎರಡು ಕಲ್ಲಿನ ನಡುವೆ ಹಣೆಗೆ ಹಣೆ ತಾಗಿ ಇಬ್ಬರೂ ಕೂತೆವು. ಅವಳು ಹೇಳಿದ್ದು ಎಡ ಎಂದು ನಾನು, ತೋರಿಸಿದ್ದು ಬಲ ಎಂದು ವೈನಿ. ನನ್ನ ದನಿ ತರಗತಿಯಲ್ಲಿದ್ದಷ್ಟು ಏರಿತು.

ಅಡುಗೆಮನೆಯಿಂದ ಅತ್ತೆ ಬಂದು ಬಾಗಿಲಲ್ಲಿ ನಿಂತರು. "ಸುತ್ತು ಬರೂದಾದ್ರೆ ಬಲಕ್ಕೇ ಬರೂದು. ಎಡಕ್ಕೆ ಸುತ್ತೂದು ಯಾವಾಗ ಅಂತ ಗೊತ್ತದೆ ಅಲ್ಲ? ನನ್ನ ಮಗ ಇನ್ನೂ ಗಟ್ಟಿಯಾಗೇ ಇದ್ದ."

ಅಂದಿನಿಂದ ಟೀವಿಯವಳು ಯಾವ ದಿಕ್ಕಿಗಾದರೂ ಸುತ್ತಲಿ, ನಾವು ಬಲಕ್ಕೇ ಸುತ್ತಿದೆವು. ಮೂರು ಸುತ್ತು ಮುಗಿಯುವಾಗ ವೈನಿಯ ಕೈಗಳು ತಾವಾಗಿಯೇ ಜೋಡಿಕೊಳ್ಳುತ್ತಿದ್ದವು. ಒಂದು ವಾರ ಕಳೆಯುವುದರೊಳಗೆ ಚಿರೆಕಲ್ಲಿನ ಮೇಲೆ ಯಾರೋ ಒಂದು ದಾಸವಾಳ ಇಟ್ಟಿದ್ದರು.

ದಯೆಯಿಲ್ಲದ ಹೆಂಗಸು

ಒಂದು ಸಂಜೆ ಆ ಹೆಂಗಸು ಕೆಸರುಗದ್ದೆ ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಎಡ ಮಂಡಿ, ಎಡ ಮಂಡಿ, ಮತ್ತೆ ಎಡ ಮಂಡಿ. ಇದು ಕಷ್ಟದ ಭಾಗವಿರಬೇಕು, ಇಲ್ಲಿಯೇ ಮೈ ಕರಗುವುದು ಎಂದು ನಾನು ಹಲ್ಲು ಕಚ್ಚಿ ಎತ್ತಿದೆ. ಮೂವತ್ತಾಯಿತು, ಐವತ್ತಾಯಿತು. ವೈನಿಗೆ ಅಳು ಬಂತು. "ಈ ಹೆಂಗ್ಸಿಗೆ ದಯೆ ಇಲ್ಲ ಅಕ್ಕೋರೆ." ನಾನು ಡಾಕ್ಟರು ಹೇಳಿದ ಗಡಿಯನ್ನು ನೆನೆಸಿಕೊಂಡು, "ಅವ್ಳೂ ಮಾಡ್ತಾ ಇದ್ಳಲ್ಲ, ನಗ್ತಾನೇ ಮಾಡ್ತಾ ಇದ್ಳು, ಎತ್ತಿ" ಎಂದೆ.

ಅತ್ತೆ ಚಹಾದ ಲೋಟ ಹಿಡಿದು ಬಂದವರು ಟೀವಿಯನ್ನು ಸ್ವಲ್ಪ ಹೊತ್ತು ನೋಡಿದರು.

"ತಂಗಿ, ಅವ್ಳ ಕೂದ್ಲು ಹಣೆ ಮೇಲೆ ಬತ್ತದೆ, ಮತ್ತೆ ಅಲ್ಲಿಂದಲೇ ಬತ್ತದೆ. ನಿನ್ನ ಸಿಡಿ ಸಿಕ್ಕಿಬಿದ್ದದೆ."

ಒರೆಸಿ ನೋಡಿದರೆ ಸಿಡಿಯ ಮೇಲೆ ಉಗುರುದ್ದ ಗೀರು. ಮರುದಿನ ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಮುಖ್ಯ ಮಾಸ್ತರು, "ಅಕ್ಕೋರು ಎಡಗಾಲು ಎಳಿತಾ ಇದ್ರಲ್ಲ, ಎಂತ ಆತು?" ಎಂದರು. ಕೆಸರುಗದ್ದೆ ಎಂದು ಬಾಯಿ ತಪ್ಪಿ ಹೇಳಿದೆ. ನಾನು ಯಾವ ಗದ್ದೆ ಕೊಂಡೆ ಎಂದು ಇಡೀ ಸ್ಟಾಫ್ ರೂಮು ಒಂದು ವಾರ ಕೇಳಿತು.

ಬರೀ ಬಾಯಲ್ಲಿ ಕಳಿಸೂದಾ

ಅತ್ತೆಯ ಚಹಾದ ವಿಷಯ ಇಲ್ಲಿ ಹೇಳಲೇಬೇಕು. ನಮ್ಮ ಕಡೆ ಮನೆಗೆ ಬಂದವರನ್ನು ಬರೀ ಬಾಯಲ್ಲಿ ಕಳಿಸುವ ಪದ್ಧತಿ ಇಲ್ಲ. ವೈನಿ ದಿನವೂ ಬರುತ್ತಿದ್ದರು. ಅದೂ ಕೂತು ಹೋಗಲು ಬಂದವರಲ್ಲ, ಬೆವರು ಸುರಿಸಿ ಹೋಗುವವರು.

"ಅತ್ತೆ, ನಾವು ಮೈ ಇಳ್ಸೂಕೆ ಮಾಡ್ತಾ ಇದ್ದದ್ದು" ಎಂದೆ.

"ಇಳ್ಸಿ, ಯಾರು ಬೇಡ ಅಂದ್ರು? ಇಳ್ಸೂಕೂ ತ್ರಾಣ ಬೇಕಲ್ಲ."

ಮೊದಲ ವಾರ ಚಹಾ, ಅವಲಕ್ಕಿ. ಎರಡನೇ ವಾರ ಬನ್ಸ್. ವೈನಿಗೆ ದಿನವೂ ಒಂದೇ ಮನೆಯಲ್ಲಿ ತಿನ್ನಲು ಸಂಕೋಚವಾಗಿ ಒಂದು ದಿನ ಅರಿಶಿನ ಎಲೆಯಲ್ಲಿ ಬೇಯಿಸಿದ ಪಾತೋಳಿ ತಂದರು. ಅದಕ್ಕೆ ಕಡಿಮೆಯಾಗಬಾರದೆಂದು ಅತ್ತೆ ಬೆಲ್ಲದ ಉಂಡೆ ಹಿಟ್ಟಿನಲ್ಲಿ ಅದ್ದಿ ಸುಟ್ಟೇವು ಕರಿದರು. ವೈನಿ ಗೋಳಿಬಜೆಗೆ ಏರಿದರು. ಕಲ್ಲಿನ ಮೇಲೆ ನಾವು ಕುಣಿದದ್ದು ಅರ್ಧ ಗಂಟೆ, ಕಲ್ಲಿನ ಮೇಲೆ ತಟ್ಟೆ ಇಟ್ಟುಕೊಂಡು ಕೂತದ್ದು ಮುಕ್ಕಾಲು ಗಂಟೆ. ನಾನು ಒಂದೇ ಒಂದು ದಿನ ಗಟ್ಟಿ ಮನಸ್ಸು ಮಾಡಿ ಬೇಡ ಎಂದೆ. ಅತ್ತೆ ಒಳಗೆ ಹೋಗಿ ಮಲಗಿದರು. ಮರುದಿನ ಎರಡು ದಿನದ ಪಾಲು ತಿನ್ನಬೇಕಾಯಿತು.

ಎರಡು ಚೀಟಿ

ಮೂರು ತಿಂಗಳು ಮುಗಿಯಿತು. ಅತ್ತೆಯೂ ಹತ್ತು ವರ್ಷದಿಂದ ಸಕ್ಕರೆಗೆ ಗುಳಿಗೆ ತಿನ್ನುವವರು. ಅವರ ಪರೀಕ್ಷೆಯೂ ಆಗಲಿ ಎಂದು ಇಬ್ಬರೂ ಬಸ್ಸು ಹತ್ತಿ ಹೊನ್ನಾವರಕ್ಕೆ ಹೋದೆವು. ಹೊನ್ನಾವರ ಹತ್ತಿರ ಬಂದಂತೆ ನನಗೆ ಹೆದರಿಕೆ ಶುರುವಾಯಿತು. ಇಷ್ಟು ಕುಣಿದಿದ್ದೇನೆ, ಇಳಿಯದೆ ಎಲ್ಲಿ ಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಡಾಕ್ಟರು ರಕ್ತದ ಲೆಕ್ಕ, ತೂಕ ಬರೆದ ಎರಡೂ ಚೀಟಿ ಎದುರಿಗಿಟ್ಟುಕೊಂಡು, "ಶಭಾಸ್ ಅಕ್ಕೋರೆ, ಐದು ಕಿಲೋ ಇಳಿದಿದ್ರಿ. ಸಕ್ಕರೆಯೂ ಚಲೋ ಬಂದದೆ" ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ಅವರು ಚೀಟಿಯ ತಲೆಯಲ್ಲಿದ್ದ ಹೆಸರು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಇದು ಅತ್ತೆಯದು. ನಿಮ್ಮದು ಎರಡು ಕಿಲೋ ಏರಿದೆ."

ಏನು ಮಾಡಿದಿರಿ ಎಂದು ಕೇಳಿದರು. ಕಲ್ಲು, ಸಿಡಿ, ಪಾತೋಳಿ ಎಲ್ಲವನ್ನೂ ಹೇಳಿದೆ. ಅತ್ತೆಯನ್ನು ಕೇಳಿದರು.

"ನಾನೆಂತ ಮಾಡ್ಲಿ? ಇವ್ರು ಕುಣಿಯೂಕೆ ಶುರು ಮಾಡಿದ್ರೆ ನಂಗೆ ಕೂರೂಕೆ ಪುರಸೊತ್ತಿಲ್ಲ. ಬಾವಿಗೆ ಹೋಗು, ಅಟ್ಟ ಹತ್ತು, ಹಿಟ್ಟು ರುಬ್ಬು, ಜಗಲಿಗೆ ತಟ್ಟೆ ತಕಂಡು ಹೋಗು, ಮತ್ತೆ ಬಾ. ಒಂದು ತುಂಡು ಬಾಯಿಗೆ ಹಾಕೂಕೂ ಹೊತ್ತಿಲ್ಲ."

ಡಾಕ್ಟರು ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದರು. ಆಮೇಲೆ ಅತ್ತೆಯ ಗುಳಿಗೆಯನ್ನು ಅರ್ಧ ಮಾಡಿದರು. "ಅಕ್ಕೋರೆ, ನಿಮಗೆ ಇನ್ನೊಂದೇ ತಿಂಗಳು. ಅತ್ತೆ ಮಾಡಿದ್ದನ್ನ ನೀವು ಮಾಡಿ."

ಡಾಕ್ಟರ ಮಾತು

ಡಾಕ್ಟರ ಈ ಮಾತನ್ನು ನನಗಿಂತ ಗಟ್ಟಿಯಾಗಿ ಹಿಡಿದುಕೊಂಡವರು ಅತ್ತೆ. ಮರುದಿನ ಸಂಜೆ ಟೀವಿ ಎದುರು ಬೆತ್ತದ ಕುರ್ಚಿ ಹಾಕಿ ರಿಮೋಟ್ ಹಿಡಿದು ಕೂತರು. ಕಲ್ಲಿನ ಮೇಲೆ ವೈನಿ ಒಬ್ಬರೇ ಕುಣಿಯುತ್ತಿದ್ದರೆ ಅತ್ತೆ ಅಲ್ಲಿಂದಲೇ ತಪ್ಪು ಹೇಳುತ್ತಿದ್ದರು, "ವೈನಿ, ಅದು ಏಡಿ ಅಲ್ಲ, ಬಸ್ಸು." ನಾನು ಒಳಗೆ. ಬಾವಿಗೆ ಹೋಗು, ಅಟ್ಟ ಹತ್ತು, ರುಬ್ಬು, ತಟ್ಟೆ ಒಯ್ಯು. ನಾನು ಒಂದು ಚೂರು ಬಾಯಿಗೆ ಹಾಕಿಕೊಂಡರೆ ಜಗಲಿಯಿಂದಲೇ ಗೊತ್ತಾಗಿಬಿಡುತ್ತಿತ್ತು. "ತಂಗಿ, ಬಾಯಿ ಆಡ್ಸಿದ್ ಕೇಳ್ತದೆ."

ಆ ತಿಂಗಳು ಅತ್ತೆಯ ಮೇಲೆ ನನಗೆ ಬಂದಷ್ಟು ಸಿಟ್ಟು ಮದುವೆಯಾದ ಮೇಲೆ ಎಂದೂ ಬಂದಿರಲಿಲ್ಲ.

ತಿಂಗಳು ಮುಗಿದ ದಿನ ಒಬ್ಬಳೇ ಹೊನ್ನಾವರಕ್ಕೆ ಹೋದೆ. ನಾಲ್ಕು ಕಿಲೋ ಇಳಿದಿತ್ತು, ಸಕ್ಕರೆ ಗಡಿಯಿಂದ ಈಚೆ ಬಂದಿತ್ತು. ಗುಳಿಗೆ ಬೇಡ ಎಂದರು ಡಾಕ್ಟರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅಮ್ಮನನ್ನು ನೆನೆಸಿಕೊಂಡು ಅತ್ತುಬಿಟ್ಟೆ. ಅಳು ಮುಗಿದ ಮೇಲೆ ನಮ್ಮ ಅತ್ತೆಯ ಮೇಲಿದ್ದ ಸಿಟ್ಟೂ ಹೋಗಿತ್ತು.

ಮನೆಗೆ ಬಂದು ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಕೂತೆ. "ಆತು ಅತ್ತೆ. ಗುಳಿಗೆ ಬೇಡಂತೆ."

ಅತ್ತೆಯ ಕಣ್ಣು ತುಂಬಿತು. ದೇವರ ಕಡೆ ತಿರುಗಿ ಕೈ ಮುಗಿದರು. ಹತ್ತಿರ ಬಂದು ನನ್ನ ತಲೆ ಸವರಿದರು.

"ತಂಗಿ, ಅಟ್ಟದ ಮೇಲೆ ಹಲಸಿನ ಹಪ್ಪಳದ ಡಬ್ಬಿ ಅದೆ. ತಕಂಡು ಬಾ."

ಒಂದು ತಿಂಗಳಿನಲ್ಲಿ ಮೊದಲ ಸಲ ಪ್ರೀತಿಯಿಂದ ತಿನ್ನಲು ಕರೆಯುತ್ತಿದ್ದಾರೆ ಎಂದು ಖುಷಿಯಿಂದ ಏಣಿ ಹತ್ತಿದೆ. ಮೂಲೆಯಲ್ಲಿದ್ದ ದೊಡ್ಡ ಡಬ್ಬಿಯನ್ನು ಎಳೆದು, ಸೊಂಟದ ಮೇಲೆ ಇಟ್ಟುಕೊಂಡು, ಒಂದು ಕೈಯಲ್ಲಿ ಏಣಿ ಹಿಡಿದು ಇಳಿದೆ. ಅತ್ತೆಯ ಎದುರು ಇಟ್ಟೆ. ಅವರು ಮುಚ್ಚಳ ತೆಗೆದು ಒಳಗೆ ಇಣುಕಿದರು. ಒಂದು ಹಪ್ಪಳ ಎತ್ತಿ ಮೂಸಿದರು. ಅದನ್ನು ಮತ್ತೆ ಒಳಗಿಟ್ಟು ಮುಚ್ಚಳ ಬಿಗಿದರು.

"ಆತು. ಇನ್ನು ಅಲ್ಲೇ ಇಟ್ಟು ಬಾ."